ಮಾತಾಡದ ಹುಡುಗಿ, ಮಾತು ನಿಲ್ಲಿಸದ ನಾಟಕ

2013ರ ಮೇ 6. ಜರ್ಮನಿಯ ಮ್ಯೂನಿಕ್‌ನ ಕೋರ್ಟು. ಕಪ್ಪು ಸೂಟು ಹಾಕಿದ್ದ ಹೆಂಗಸೊಬ್ಬಳು ಒಳಗೆ ಬಂದಳು. ಕೈಕಟ್ಟಿಕೊಂಡು, ಕ್ಯಾಮೆರಾಗಳಿಗೆ ಬೆನ್ನು ತಿರುಗಿಸಿ ನಿಂತಳು. ಹೆಸರು ಬೆಯಾಟೆ ಚೇಪೆ. ಹತ್ತು ಕೊಲೆಗಳಲ್ಲಿ ಪಾಲುದಾರಳು ಎಂಬ ಆರೋಪ ಅವಳ ಮೇಲಿತ್ತು. ಅಂದಿನಿಂದ ಎರಡೂವರೆ ವರ್ಷ ಅವಳು ಆರೋಪಗಳ ಬಗ್ಗೆ ಬಾಯಿ ಬಿಡಲಿಲ್ಲ.

ಅದೇ ಊರಿನ ಕಾಮರ್‌ಶ್ಪೀಲೆ ಎಂಬ ಹೆಸರಾಂತ ರಂಗಮಂದಿರದಲ್ಲಿ 2014ರ ಸೆಪ್ಟೆಂಬರ್ 27ರಂದು ಒಂದು ನಾಟಕ ಶುರುವಾಯಿತು. ಹೆಸರು ‘ದಾಸ್ ಶ್ವೈಗೆಂಡೆ ಮೆಡ್ಶೆನ್’. ಅಂದರೆ ‘ಮಾತಾಡದ ಹುಡುಗಿ’. ಬರೆದವರು ಎಲ್ಫ್ರೀಡೆ ಯೆಲಿನೆಕ್, 2004ರಲ್ಲಿ ನೊಬೆಲ್ ಪಡೆದ ಆಸ್ಟ್ರಿಯಾದ ಲೇಖಕಿ. ನಿರ್ದೇಶನ ಯೋಹಾನ್ ಸೈಮನ್ಸ್ ಅವರದು. ಕೋರ್ಟಿನಲ್ಲಿ ವಿಚಾರಣೆ ಇನ್ನೂ ನಡೆಯುತ್ತಲೇ ಇತ್ತು, ತೀರ್ಪಿಗೆ ಇನ್ನೂ ಸುಮಾರು ನಾಲ್ಕು ವರ್ಷ ಬಾಕಿ ಇತ್ತು.

ಈ ನಾಟಕ ಓದಲು ಕಷ್ಟ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಇಲ್ಲ, ದೃಶ್ಯಗಳಿಲ್ಲ, ‘ಮುಂದೇನಾಯ್ತು’ ಅನ್ನುವ ಎಳೆಯೂ ಇಲ್ಲ. ಆದರೆ ಅದು ಯಾಕೆ ಹಾಗಿದೆ ಎಂದು ತಿಳಿದರೆ ಜರ್ಮನಿ ತನ್ನ ಹಳೆಯ ಪಾಪವನ್ನು ಹೇಗೆ ನೆನಪಿಟ್ಟುಕೊಂಡಿದೆ, ಮತ್ತು ಆ ನೆನಪು ಎಲ್ಲಿ ಕೈಕೊಟ್ಟಿತು ಎನ್ನುವುದೂ ತಿಳಿಯುತ್ತದೆ. ಅದಕ್ಕೆ ಮೊದಲು ನಾಟಕದ ಹಿಂದಿನ ಘಟನೆ ಗೊತ್ತಿರಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿ ಪಕ್ಷಕ್ಕೆ ನಿಷೇಧ ಬಿತ್ತು. ಅದರ ಚಿಹ್ನೆಗಳನ್ನು ಪ್ರದರ್ಶಿಸುವುದೂ ಅಪರಾಧವಾಯಿತು. ಆದರೂ ಆ ವಿಚಾರವನ್ನು ಎತ್ತಿ ಹಿಡಿಯುವ ಗುಂಪುಗಳು ಉಳಿದವು. ನವನಾಜಿಗಳು ಅನ್ನುವುದು ಇವರನ್ನೇ. 1990ರಲ್ಲಿ ಎರಡು ಜರ್ಮನಿ ಒಂದಾದ ಮೇಲೆ ಇವರ ಹಾವಳಿ ಜಾಸ್ತಿಯಾಯಿತು. 1992ರಲ್ಲಿ ರೋಸ್ಟೋಕ್‌ನಲ್ಲಿ ವಲಸಿಗರಿದ್ದ ಕಟ್ಟಡಕ್ಕೆ ಬೆಂಕಿ ಇಟ್ಟರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. 1993ರಲ್ಲಿ ಝೋಲಿಂಗೆನ್‌ನಲ್ಲಿ ಟರ್ಕಿ ಮೂಲದ ಒಂದು ಮನೆಗೆ ಹಚ್ಚಿದ ಬೆಂಕಿಯಲ್ಲಿ ಐವರು ಸತ್ತರು. ಇಂಥ ಗಾಳಿಯಲ್ಲೇ ಪೂರ್ವದ ಯೇನಾ ಪಟ್ಟಣದಲ್ಲಿ ಮೂವರು ಬೆಳೆದರು: ಊವೆ ಮುಂಡ್‌ಲೋಸ್, ಊವೆ ಬೋನ್‌ಹಾರ್ಟ್ ಮತ್ತು ಚೇಪೆ.

ಯೇನಾದಿಂದ ಸ್ವಲ್ಪ ದೂರದಲ್ಲೇ ಬೂಖೆನ್‌ವಾಲ್ಡ್ ಇದೆ. ನಾಜಿಗಳ ಕಾಲದ ದೊಡ್ಡ ಯಾತನಾ ಶಿಬಿರ, ಈಗ ಸ್ಮಾರಕ. 1996ರಲ್ಲಿ ಆ ಇಬ್ಬರು ಊವೆಗಳು ನಾಜಿ ಪಡೆಯ ಸಮವಸ್ತ್ರ ಹೋಲುವ ಕಂದು ಬಟ್ಟೆ ತೊಟ್ಟು ಅಲ್ಲಿಗೆ ಹೋದರು. ಸ್ಮಾರಕದವರು ಅವರಿಗೆ ಪ್ರವೇಶ ನಿಷೇಧಿಸಿದರು. ಅದೇ ವರ್ಷ ಯೇನಾ ಹತ್ತಿರದ ಹೆದ್ದಾರಿ ಸೇತುವೆಗೆ ಯಹೂದಿ ನಕ್ಷತ್ರ ಅಂಟಿಸಿದ ಗೊಂಬೆಯೊಂದನ್ನು ನೇಣು ಹಾಕಿದ್ದರು. ಆಮೇಲೆ ಈ ಗುಂಪು ಒಂದು ಆಟವನ್ನೂ ತಯಾರಿಸಿತು. ಮಕ್ಕಳು ಆಡುವ ಮೊನೊಪಲಿಯಂಥದ್ದೇ, ಹೆಸರು ‘ಪೋಗ್ರೋಮ್‌ಲಿ’. ಪೋಗ್ರೋಮ್ ಅಂದರೆ ಯಹೂದಿಗಳ ಮೇಲೆ ಗುಂಪಾಗಿ ನಡೆಸುವ ದಾಳಿ. ಅದರಲ್ಲಿ ರೈಲು ನಿಲ್ದಾಣಗಳ ಜಾಗದಲ್ಲಿ ಔಷ್ವಿಟ್ಸ್, ಬೂಖೆನ್‌ವಾಲ್ಡ್, ಡಾಖೌ, ರಾವೆನ್ಸ್‌ಬ್ರ್ಯೂಕ್ ಎಂದು ಶಿಬಿರಗಳ ಹೆಸರುಗಳಿದ್ದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಹೂದಿಗಳ ನರಮೇಧವನ್ನು ಮರೆತರೆ ನಾಜಿವಾದ ಮತ್ತೆ ಬರುತ್ತದೆ ಅನ್ನುತ್ತೇವೆ. ಆದರೆ ಇವರು ಏನನ್ನೂ ಮರೆತಿರಲಿಲ್ಲ. ಶಿಬಿರಗಳ ಹೆಸರು ಅವರಿಗೆ ಬಾಯಿಪಾಠವಾಗಿತ್ತು. ದೇಶ ದುಃಖದಿಂದ ನೆನೆಯುವುದನ್ನು ಅವರು ಕೇಕೆ ಹಾಕಿ ನೆನೆಯುತ್ತಿದ್ದರು.

1998ರ ಜನವರಿಯಲ್ಲಿ ಪೊಲೀಸರಿಗೆ ಯೇನಾದ ಒಂದು ಗ್ಯಾರೇಜಿನಲ್ಲಿ ಪೈಪ್ ಬಾಂಬುಗಳೂ ಟಿಎನ್‌ಟಿ ಸ್ಫೋಟಕವೂ ಸಿಕ್ಕವು. ಮೂವರೂ ಪರಾರಿ. ಹೊಸ ಹೆಸರುಗಳಲ್ಲಿ ಬದುಕುತ್ತ ತಮ್ಮ ಗುಂಪನ್ನು ‘ನ್ಯಾಷನಲ್ ಸೋಷಲಿಸ್ಟ್ ಭೂಗತ ಪಡೆ’ ಎಂದು ಕರೆದುಕೊಂಡರು. ಜರ್ಮನ್ ಅಕ್ಷರಗಳಲ್ಲಿ ಎನ್‌ಎಸ್‌ಯು. 2000ದಿಂದ 2007ರವರೆಗೆ ಹತ್ತು ಜನರನ್ನು ಕೊಂದರು. ಎಂಟು ಮಂದಿ ಟರ್ಕಿ ಮೂಲದವರು, ಒಬ್ಬರು ಗ್ರೀಕ್ ಮೂಲದವರು, ಕೊನೆಯವರು ಒಬ್ಬ ಪೊಲೀಸ್ ಹೆಣ್ಣುಮಗಳು. ಹೂ ಮಾರುವವರು, ಟೈಲರ್, ತರಕಾರಿ ಅಂಗಡಿಯವರು, ಕೀಲಿ ಮಾಡುವವರು... ಕೌಂಟರಿನ ಹಿಂದೆ ನಿಂತಿದ್ದವರಿಗೆ ಹಗಲಲ್ಲೇ ಗುಂಡಿಕ್ಕಿದರು. 2004ರಲ್ಲಿ ಕಲೋನ್ ನಗರದ ಕೊಯ್ಪ್‌ಶ್ಟ್ರಾಸೆ ಎಂಬ ಟರ್ಕಿ ಜನರ ಬೀದಿಯಲ್ಲಿ ಮೊಳೆ ತುಂಬಿದ ಬಾಂಬು ಸಿಡಿಸಿದರು. 22 ಮಂದಿ ಗಾಯಗೊಂಡರು.

ಪೊಲೀಸರು ಏನು ಮಾಡುತ್ತಿದ್ದರು? ಸತ್ತವರ ಮನೆಯವರನ್ನೇ ಕೆದಕುತ್ತಿದ್ದರು. ತನಿಖಾ ತಂಡಕ್ಕೆ ‘ಬೋಸ್ಫರಸ್’ ಎಂದು ಹೆಸರಿಟ್ಟರು. ಅದು ಟರ್ಕಿಯ ಇಸ್ತಾಂಬುಲ್ ನಡುವೆ ಹಾಯುವ ಜಲಸಂಧಿಯ ಹೆಸರು. ಹೆಸರಲ್ಲೇ ಉತ್ತರ ಇತ್ತು: ಇದು ಟರ್ಕಿಯವರ ಒಳಜಗಳ, ಮಾದಕ ವಸ್ತುವಿನ ವ್ಯವಹಾರ. ಮೊದಲು ಕೊಲೆಯಾದ ಹೂವಿನ ವ್ಯಾಪಾರಿ ಎನ್ವರ್ ಶಿಮ್‌ಶೆಕ್ ಅವರ ಹೆಂಡತಿಗೆ ಪೊಲೀಸರು ಬೇರೊಬ್ಬ ಹೆಂಗಸಿನ ಫೋಟೋ ತೋರಿಸಿ, ನಿನ್ನ ಗಂಡನಿಗೆ ಇನ್ನೊಂದು ಸಂಸಾರವಿತ್ತು ಎಂದು ಸುಳ್ಳು ಹೇಳಿ ಪರೀಕ್ಷಿಸಿದರು. ಮಾಹಿತಿ ಹೊರಬರಲಿ ಎಂದು ತಾವೇ ಕಬಾಬ್ ಅಂಗಡಿ ಇಟ್ಟು ಕೂತರು. ಹ್ಯಾಂಬರ್ಗಿನಲ್ಲಿ ಆತ್ಮಗಳ ಜೊತೆ ಮಾತಾಡುತ್ತೇನೆ ಎಂದವನ ಮಾತನ್ನೂ ಕೇಳಿ ಕಡತಕ್ಕೆ ಸೇರಿಸಿದರು. ಪತ್ರಿಕೆಗಳು ಈ ಕೊಲೆಗಳಿಗೆ ‘ಡೋನರ್ ಕೊಲೆಗಳು’ ಎಂದು ಹೆಸರಿಟ್ಟವು. ಡೋನರ್ ಅಂದರೆ ಕಬಾಬ್. ಸತ್ತ ಮನುಷ್ಯರನ್ನು ಒಂದು ತಿಂಡಿಯ ಹೆಸರಲ್ಲಿ ಕರೆದರು.

ಅದೇ ಹೊತ್ತಿಗೆ, 2005ರ ಮೇ ತಿಂಗಳಲ್ಲಿ, ಬರ್ಲಿನ್ನಿನ ನಟ್ಟನಡುವೆ ಕೊಲೆಯಾದ ಯಹೂದಿಗಳ ಸ್ಮಾರಕ ತೆರೆಯಿತು. 2,711 ಕಾಂಕ್ರೀಟ್ ಕಲ್ಲುಗಳು. ಲೋಕವೆಲ್ಲ ಮೆಚ್ಚಿತು. ಅದರ ಮರುತಿಂಗಳು, ಜೂನ್ 9ರಂದು ನ್ಯೂರೆಂಬರ್ಗ್‌ನಲ್ಲಿ ಇಸ್ಮಾಯಿಲ್ ಯಾಶಾರ್, 15ರಂದು ಮ್ಯೂನಿಕ್‌ನಲ್ಲಿ ಥಿಯೊಡೊರೋಸ್ ಬುಲ್ಗಾರಿಡಿಸ್ ಕೊಲೆಯಾದರು. ಒಂದೇ ವಾರದಲ್ಲಿ ಇಬ್ಬರು. ಆ ಸ್ಮಾರಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಬೇಕು, ಅದು ನಿಜವಾದ ಪಶ್ಚಾತ್ತಾಪದಿಂದ ಬಂದದ್ದು. ಆದರೆ ಸತ್ತವರನ್ನು ನೆನೆಯಲು ಅಷ್ಟು ಚೆನ್ನಾಗಿ ಕಲಿತ ದೇಶಕ್ಕೆ ಕಣ್ಣೆದುರಿನ ಕೊಲೆಗಾರ ಕಾಣಲಿಲ್ಲ.

ಸಂತ್ರಸ್ತರ ಮನೆಯವರಿಗೆ ಮಾತ್ರ ಕಂಡಿತ್ತು. 2006ರ ಏಪ್ರಿಲ್‌ನಲ್ಲಿ ಕಾಸೆಲ್ ನಗರದ ಇಂಟರ್‌ನೆಟ್ ಕೆಫೆಯಲ್ಲಿ ಹಾಲಿತ್ ಯೊಜ್ಗಾತ್ ಎಂಬ 21 ವರ್ಷದ ಹುಡುಗ ಕೊಲೆಯಾದ. ಮುಂದಿನ ತಿಂಗಳು ಅಲ್ಲಿ ಸಾವಿರಾರು ಜನ ಬೀದಿಗಿಳಿದರು. ‘ಹತ್ತನೇ ಬಲಿ ಬೇಡ’ ಅನ್ನುವುದು ಅವರ ಘೋಷಣೆ. ಹೆಚ್ಚಿನವರು ಟರ್ಕಿ ಮೂಲದವರೇ. ಉಳಿದ ಜರ್ಮನಿ ಕೇಳಿಸಿಕೊಳ್ಳಲಿಲ್ಲ.

ಸತ್ಯ ಹೊರಬಂದದ್ದು 2011ರ ನವೆಂಬರ್ 4ರಂದು, ಅದೂ ತನಿಖೆಯಿಂದಲ್ಲ. ಐಸೆನಾಖ್‌ನಲ್ಲಿ ಬ್ಯಾಂಕ್ ದರೋಡೆ ಮಾಡಿದ ಇಬ್ಬರು ಊವೆಗಳು ಪೊಲೀಸರು ಹತ್ತಿರ ಬಂದಾಗ ತಮ್ಮ ವಾಹನದೊಳಗೆ ಸತ್ತರು. ಚೇಪೆ ಮೂವರೂ ಇದ್ದ ಮನೆಗೆ ಬೆಂಕಿ ಇಟ್ಟು, ಕೊಲೆಗಳನ್ನು ಹಾಡಿ ಹೊಗಳುವ ವಿಡಿಯೋದ ಡಿವಿಡಿಗಳನ್ನು ಅಂಚೆಗೆ ಹಾಕಿ, ನಾಲ್ಕು ದಿನದ ನಂತರ ಶರಣಾದಳು. ಅದಾಗಿ ಕೆಲವೇ ದಿನಗಳಲ್ಲಿ ದೇಶದ ಒಳಗುಪ್ತಚರ ಇಲಾಖೆಯಲ್ಲಿ ಸಂಬಂಧಪಟ್ಟ ಕಡತಗಳು ಚೂರುಚೂರಾದವು. ಈ ಗುಂಪಿನ ಸುತ್ತ ಕೇಂದ್ರದ ಮತ್ತು ಪ್ರಾಂತ್ಯಗಳ ಗುಪ್ತಚರ ಇಲಾಖೆಗಳ ಬಾತ್ಮೀದಾರರು ಬೇಕಾದಷ್ಟಿದ್ದರು. ಅವರಲ್ಲೊಬ್ಬ ಯೇನಾ ಇರುವ ಥುರಿಂಗಿಯಾ ಪ್ರಾಂತ್ಯದ ನವನಾಜಿ ಸಂಘಟನೆಯ ಮುಖಂಡನೇ. ಅವನಿಗೆ ವರ್ಷಗಟ್ಟಲೆ ಕೊಟ್ಟ ಹಣ ಸುಮಾರು 2 ಲಕ್ಷ ಮಾರ್ಕ್ (ಆಗಿನ ಜರ್ಮನ್ ನಾಣ್ಯ).

ಈಗ ನಾಟಕಕ್ಕೆ ಬರೋಣ.

ಕೋರ್ಟು ಕೇಳುವ ಪ್ರಶ್ನೆ ‘ಯಾರು ಮಾಡಿದರು?’ ಎಂಬುದು. ಅದು ಅದರ ಕೆಲಸ. ಯೆಲಿನೆಕ್ ಕೇಳುವುದೇ ಬೇರೆ: ಅಷ್ಟು ವರ್ಷ ಉಳಿದವರೆಲ್ಲ ಏನು ಮಾತಾಡುತ್ತಿದ್ದರು? ಹುಡುಗಿ ಮಾತಾಡುವುದಿಲ್ಲ, ಸರಿ. ಆದರೆ ಪೊಲೀಸರು ಮಾತಾಡಿದರು, ಪತ್ರಿಕೆಗಳು ಮಾತಾಡಿದವು, ಮಂತ್ರಿಗಳು ಮಾತಾಡಿದರು. ಕೊಯ್ಪ್‌ಶ್ಟ್ರಾಸೆಯಲ್ಲಿ ಬಾಂಬು ಸಿಡಿದ ಮರುದಿನವೇ ಒಳಾಡಳಿತ ಸಚಿವರು ಇದರಲ್ಲಿ ಭಯೋತ್ಪಾದನೆಯ ಸುಳಿವಿಲ್ಲ ಎಂದಿದ್ದರು. ಈ ಎಲ್ಲ ಮಾತಿನ ರಾಶಿಯನ್ನು ಎತ್ತಿ ವೇದಿಕೆಗೆ ಸುರಿದರೆ ಹೇಗಿರುತ್ತದೆ? ಆ ರಾಶಿಯೇ ಈ ನಾಟಕ.

ಹಾಗಾಗಿ ಚೇಪೆಯ ಮನಸ್ಸಿನೊಳಗೆ ಏನಿತ್ತು ಎಂದು ನಾಟಕ ಹುಡುಕುವುದಿಲ್ಲ. ಬಾಲ್ಯ, ಪ್ರೇಮ, ಕಣ್ಣೀರು ಯಾವುದೂ ಇಲ್ಲ. ಅವಳ ಮೌನದ ಸುತ್ತ ಮಾತಾಡುವವರು ಒಬ್ಬ ನ್ಯಾಯಾಧೀಶ, ದೇವದೂತರು, ಪ್ರವಾದಿಗಳು. ಹೌದು, ಬೈಬಲ್ಲಿನಿಂದ ಎದ್ದು ಬಂದವರು. ಕೊಲೆಗಾರರ ಕಥೆ ಯೇಸುವಿನ ಹುಟ್ಟಿನ ಕಥೆಯ ಜೊತೆ ಹೆಣೆದುಕೊಳ್ಳುತ್ತದೆ. ಹುಡುಗಿ ಒಮ್ಮೆ ಕನ್ಯೆ ಮೇರಿಯಂತೆ, ಇಬ್ಬರು ಊವೆಗಳು ಲೋಕ ಉದ್ಧಾರಕ್ಕೆ ಬಂದವರಂತೆ. ಮ್ಯೂನಿಕ್‌ನ ಕೋರ್ಟು ಕೊನೆಯ ತೀರ್ಪಿನ ದಿನದ ದೇವರ ಕೋರ್ಟಿನಂತೆ.

ಮೊದಲ ಸಲ ಇದನ್ನು ಕೇಳಿದಾಗ ಮೈ ಉರಿಯುತ್ತದೆ. ಕೊಲೆಗಾರರಿಗೆ ದೇವರ ಪಟ್ಟವಾ? ನಿಧಾನವಾಗಿ ಓದಿದರೆ ಅರ್ಥವಾಗುತ್ತದೆ. ನವನಾಜಿಗಳು ತಮ್ಮನ್ನು ನೋಡಿಕೊಂಡದ್ದೇ ಹಾಗೆ, ದೇಶವನ್ನು ಶುದ್ಧ ಮಾಡಲು ಬಂದ ಆಯ್ದ ಮಕ್ಕಳು ಎಂದು. ಯೆಲಿನೆಕ್ ಆ ಭ್ರಮೆಯನ್ನು ಅದರ ಪೂರ್ತಿ ಎತ್ತರಕ್ಕೆ ಏರಿಸುತ್ತಾರೆ. ಆಗ ಅದರ ಹುಳುಕು ತಾನೇ ಕಾಣುತ್ತದೆ. ‘ಶುದ್ಧ’ ಎಂಬ ಆಸೆ ಆ ಮೂವರ ತಲೆಯಲ್ಲಿ ಮಾತ್ರ ಹುಟ್ಟಿದ್ದಲ್ಲ, ಅದು ಆ ಸಂಸ್ಕೃತಿಯ ಹಳೆಯ ಆಸೆ ಅನ್ನುವುದೂ ಕಾಣುತ್ತದೆ.

ಯೆಲಿನೆಕ್ ಬರೆಯುವ ಬಗೆಗೆ ಜರ್ಮನ್ ರಂಗಭೂಮಿಯವರು ಇಟ್ಟ ಹೆಸರು ‘ಟೆಕ್ಸ್ಟ್‌ಫ್ಲೆಶೆ’. ಮಾತಿನ ಬಯಲು ಅನ್ನಬಹುದು. ಪುಟಗಟ್ಟಲೆ ಹರಡಿದ ಮಾತು. ಕಾನೂನಿನ ಭಾಷೆಯಲ್ಲಿ ಶುರುವಾದ ವಾಕ್ಯ ಟಿವಿ ಸುದ್ದಿಗೆ ಹೊರಳಿ, ಬೈಬಲ್ಲಿನಲ್ಲಿ ಮುಗಿಯಬಹುದು. ಒಂದೇ ಪದವನ್ನು ಹಿಂಡಿ ಅದರೊಳಗಿನ ಇನ್ನೊಂದು ಅರ್ಥ ಹೊರಗೆಳೆಯುತ್ತಾರೆ. ಇದು ಚಮತ್ಕಾರಕ್ಕಾಗಿ ಅಲ್ಲ. ನಾಜಿಗಳು ಕೊಲೆಗೆ ‘ವಿಶೇಷ ಉಪಚಾರ’, ಸಾವಿನ ಶಿಬಿರಕ್ಕೆ ಸಾಗಿಸುವುದಕ್ಕೆ ‘ಸ್ಥಳಾಂತರ’ ಎಂದು ಹೆಸರಿಟ್ಟಿದ್ದರು. ಭಾಷೆಯೇ ಹೆಣ ಮುಚ್ಚುವ ಬಟ್ಟೆಯಾಗಿತ್ತು. ‘ಡೋನರ್ ಕೊಲೆ’ಯೂ ಅಂಥದ್ದೇ ಒಂದು ಬಟ್ಟೆ. ಭಾಷೆ ಸುಳ್ಳು ಹೇಳಿದಾಗ ಅದನ್ನು ತಿರುಚಿ ತಿರುಚಿ ಸತ್ಯ ಹೊರಡಿಸಬೇಕು ಅನ್ನುವುದು ಇವರ ನಂಬಿಕೆ. ಯೆಲಿನೆಕ್ ಅವರ ತಂದೆ ಯಹೂದಿ ಮೂಲದವರು. ರಸಾಯನಶಾಸ್ತ್ರಜ್ಞರಾಗಿ ಯುದ್ಧಕ್ಕೆ ಬೇಕಾದ ಕೆಲಸದಲ್ಲಿದ್ದುದರಿಂದ ಬದುಕಿದರು. ಬಂಧುಗಳಲ್ಲಿ ಅನೇಕರು ಬದುಕಲಿಲ್ಲ. ಈ ಭಾಷೆಯನ್ನು ಅವರು ಹೊರಗಿನಿಂದ ನೋಡುತ್ತಿಲ್ಲ.

ನಮ್ಮ ತಾಳಮದ್ದಳೆ ನೋಡಿದವರಿಗೆ ಇದರ ಒಂದು ಭಾಗ ಅಷ್ಟೇನೂ ಹೊಸದಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಆಡುವ ಮಾತೇ ಎಲ್ಲ. ಆದರೆ ತಾಳಮದ್ದಳೆಯಲ್ಲಿ ಕರ್ಣ ಕರ್ಣನೇ. ಇಲ್ಲಿ ಯಾವ ಮಾತು ಯಾರದು ಅನ್ನುವುದೇ ಕಲಸಿಹೋಗುತ್ತದೆ. ಯಾವ ಸಾಲನ್ನು ಯಾರು ಹೇಳಬೇಕು ಎಂಬುದನ್ನು ಯೆಲಿನೆಕ್ ಎಷ್ಟೋ ಸಲ ನಿರ್ದೇಶಕರಿಗೇ ಬಿಡುತ್ತಾರೆ. 1998ರ ಅವರ ಒಂದು ನಾಟಕದ ಶುರುವಿನಲ್ಲೇ ‘ನಿಮಗೆ ಬೇಕಾದ್ದು ಮಾಡಿ’ ಎಂಬ ಸೂಚನೆ ಇದೆ. ಮಾತು ಒಬ್ಬನದಾದರೆ ತಪ್ಪೂ ಅವನೊಬ್ಬನದು ಎಂದು ನೋಡುವವರು ನಿರಾಳವಾಗುತ್ತಾರೆ ಅಲ್ವಾ? ಆ ನಿರಾಳ ಸಿಗಬಾರದು ಎಂದೇ ಈ ಕಟ್ಟು.

ಈ ದಾರಿ ಯೆಲಿನೆಕ್ ಅವರಿಗಿಂತ ಹಳೆಯದು. 1963ರ ಡಿಸೆಂಬರ್‌ನಿಂದ 1965ರ ಆಗಸ್ಟ್‌ವರೆಗೆ ಫ್ರಾಂಕ್‌ಫರ್ಟ್‌ನಲ್ಲಿ ಔಷ್ವಿಟ್ಸ್ ವಿಚಾರಣೆ ನಡೆಯಿತು. ಅದರ ಹಿಂದಿದ್ದ ಶಕ್ತಿ ಫ್ರಿಟ್ಸ್ ಬೌವರ್, ನಾಜಿಗಳಿಂದ ತಪ್ಪಿಸಿಕೊಂಡು ದೇಶ ಬಿಟ್ಟು ಮತ್ತೆ ಬಂದು ಸರ್ಕಾರಿ ಅಭಿಯೋಜಕರಾದ ಯಹೂದಿ. ಶಿಬಿರದಲ್ಲಿ ಬದುಕುಳಿದ ಇನ್ನೂರಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. ವಿಚಾರಣೆ ನೋಡಲು ಪೀಟರ್ ವೈಸ್ ಎಂಬ ಲೇಖಕ ಬಂದಿದ್ದರು. ಅವರ ತಂದೆಯೂ ಯಹೂದಿ ಮೂಲದವರು, ಕುಟುಂಬ ಸ್ವೀಡನ್ ಸೇರಿ ಉಳಿದಿತ್ತು. ಅವರು ಕೋರ್ಟಿನ ಹೇಳಿಕೆಗಳನ್ನೇ ಆಯ್ದು, ಇಳಿಸಿ, ‘ದೀ ಎರ್ಮಿಟ್ಲುಂಗ್’ ಅಂದರೆ ‘ತನಿಖೆ’ ಎಂಬ ನಾಟಕ ಕಟ್ಟಿದರು. 1965ರ ಅಕ್ಟೋಬರ್ 19ರಂದು ಪೂರ್ವ ಮತ್ತು ಪಶ್ಚಿಮ ಜರ್ಮನಿಯ ಹತ್ತಕ್ಕೂ ಹೆಚ್ಚು ರಂಗಮಂದಿರಗಳಲ್ಲಿ, ಜೊತೆಗೆ ಲಂಡನ್ನಿನಲ್ಲೂ, ಒಂದೇ ರಾತ್ರಿ ಅದು ಜನರ ಮುಂದೆ ಬಂತು. ಗೋಡೆಯಿಂದ ಸೀಳಿಹೋಗಿದ್ದ ದೇಶ ಆ ಒಂದು ರಾತ್ರಿ ಒಂದೇ ಮಾತು ಕೇಳಿತು.

ವೈಸ್ ಅವರ ನಾಟಕ ಹನ್ನೊಂದು ‘ಹಾಡು’ಗಳಲ್ಲಿದೆ. ರೈಲು ಬಂದು ನಿಲ್ಲುವ ಕಟ್ಟೆಯಿಂದ ಶುರುವಾಗಿ ಹೆಣ ಸುಡುವ ಒಲೆಗಳಲ್ಲಿ ಮುಗಿಯುತ್ತದೆ. ಇಟಲಿಯ ಡಾಂಟೆ ಕವಿ ನರಕದೊಳಗೆ ಸುತ್ತು ಸುತ್ತಾಗಿ ಇಳಿದ ಹಾಗೆ. ಹಾಡು ಅಂದರೂ ರಾಗವಿಲ್ಲ, ಬರೀ ಸಾಲು ಮುರಿದ ಮಾತು, ಪೂರ್ಣವಿರಾಮ ಕೂಡ ಇಲ್ಲ. ಸಾಕ್ಷಿಗಳಿಗೆ ಹೆಸರಿಲ್ಲ, ಒಂದರಿಂದ ಒಂಬತ್ತು ಎಂದು ನಂಬರು ಮಾತ್ರ. ಶಿಬಿರ ಅವರ ಹೆಸರು ಕಿತ್ತುಕೊಂಡಿತ್ತು, ಅದಕ್ಕೆ. ಆರೋಪಿಗಳಿಗೆ ಮಾತ್ರ ಅವರವರ ನಿಜ ಹೆಸರು. ಅವರು ಧಾರಾಳವಾಗಿ ಮಾತಾಡುತ್ತಾರೆ. ನನಗೆ ಗೊತ್ತಿರಲಿಲ್ಲ, ಆಜ್ಞೆ ಇತ್ತು, ನಾನು ಕೆಟ್ಟವನಲ್ಲ. ಮತ್ತೆ ಮತ್ತೆ ರಂಗಸೂಚನೆ ಬರುತ್ತದೆ: ಆರೋಪಿಗಳು ನಗುತ್ತಾರೆ. ಕೊನೆಯಲ್ಲಿ ಒಬ್ಬ ಆರೋಪಿ ದೇಶ ಈಗ ಮತ್ತೆ ತಲೆ ಎತ್ತಿದೆ, ಇಂಥ ಹಳೆಯ ಆರೋಪಗಳಿಗೆ ಅವಧಿ ಮುಗಿದಿದೆ ಎನ್ನುತ್ತಾನೆ. ಅದು ಸುಮ್ನೆ ಬರೆದದ್ದಲ್ಲ. ನಾಜಿ ಕಾಲದ ಕೊಲೆಗಳಿಗೆ ಇಪ್ಪತ್ತು ವರ್ಷದ ಕಾಲಮಿತಿ ಸಾಕೇ ಎಂದು ಸಂಸತ್ತಿನಲ್ಲಿ ಅದೇ ವರ್ಷ ಜೋರು ಚರ್ಚೆ ನಡೆದಿತ್ತು. ಆ ಕಾಲಮಿತಿ ಪೂರ್ತಿ ಹೋದದ್ದು 1979ರಲ್ಲಿ.

‘ಯಹೂದಿ’ ಎಂಬ ಪದ ಆ ನಾಟಕದಲ್ಲಿ ಇಲ್ಲ. ಇದಕ್ಕೆ ವೈಸ್ ಅವರನ್ನು ಆಗಲೂ ಈಗಲೂ ಪ್ರಶ್ನಿಸಿದ್ದಾರೆ. ನನಗೂ ಅದು ಸರಿ ಕಾಣುವುದಿಲ್ಲ. ಎಲ್ಲಿ ಬೇಕಾದರೂ ಆಗಬಹುದಾದ ಕ್ರೌರ್ಯ ಎಂದು ತೋರಿಸುವ ಆಸೆಯಲ್ಲಿ, ಅಲ್ಲಿ ಯಾರನ್ನು ಯಾಕೆ ಕೊಂದರು ಅನ್ನುವುದೇ ಮಸುಕಾಗುತ್ತದೆ.

ಇನ್ನೊಂದು ಕೊಂಡಿ ಯೆಲಿನೆಕ್ ಅವರದೇ 2008ರ ನಾಟಕ ‘ರೆಖ್ನಿಟ್ಸ್’. ಅದೂ ಮೊದಲು ಆಡಿದ್ದು ಇದೇ ಕಾಮರ್‌ಶ್ಪೀಲೆಯಲ್ಲಿ. ರೆಖ್ನಿಟ್ಸ್ ಆಸ್ಟ್ರಿಯಾದ ಗಡಿಯ ಒಂದು ಊರು. 1945ರ ಮಾರ್ಚ್ 24ರ ರಾತ್ರಿ ಅಲ್ಲಿನ ಕೋಟೆಯಲ್ಲಿ ನಾಜಿ ಮುಖಂಡರಿಗೆ ಔತಣ ನಡೆಯಿತು. ನಡುರಾತ್ರಿ ಕೆಲವು ಅತಿಥಿಗಳು ಎದ್ದು ಹೋಗಿ, ಕೂಲಿಗೆ ತಂದಿದ್ದ ಸುಮಾರು 180 ಹಂಗೇರಿಯನ್ ಯಹೂದಿಗಳನ್ನು ಕೊಂದರು. ಆಮೇಲೆ ವಾಪಸು ಬಂದು ಕುಣಿದರು. ಅವರನ್ನು ಹೂತ ಗೋರಿ ಎಷ್ಟು ಅಗೆದರೂ ಇವತ್ತಿನವರೆಗೆ ಸಿಕ್ಕಿಲ್ಲ. ನಾಟಕದಲ್ಲಿ ಕೊಲೆಗಾರರೂ ಇಲ್ಲ, ಸತ್ತವರೂ ಇಲ್ಲ. ಇರುವವರು ಸುದ್ದಿ ತರುವ ದೂತರು. ಗ್ರೀಕ್ ನಾಟಕಗಳಲ್ಲಿ ಮರೆಯಲ್ಲಿ ನಡೆದ ಸಾವನ್ನು ಬಂದು ಹೇಳುತ್ತಾರಲ್ಲ, ಅಂಥವರು. ಹೇಳಿದ್ದನ್ನೇ ಅಳಿಸುತ್ತಾರೆ, ಸುತ್ತಿ ಬಳಸುತ್ತಾರೆ, ಹೇಳುವುದರಲ್ಲೇ ಖುಷಿ ಪಡುತ್ತಾರೆ. ಮಾತು ಹೆಚ್ಚಿದಷ್ಟೂ ಗೋರಿ ದೂರವಾಗುತ್ತದೆ.

ಮೂರನ್ನೂ ಜೊತೆಗಿಟ್ಟು ನೋಡಿ. 1965ರಲ್ಲಿ ಆರೋಪಿಗಳು ನಗುತ್ತ ಮಾತಾಡಿದರು. 2008ರ ನಾಟಕದಲ್ಲಿ ಊರು ಸುತ್ತಿ ಬಳಸಿ ಮಾತಾಡಿತು. 2014ರಲ್ಲಿ ಆರೋಪಿ ಸುಮ್ಮನಾದಳು, ಅವಳ ಬದಲಿಗೆ ಇಡೀ ದೇಶ ಮಾತಾಡಿತು. ಮೂರರಲ್ಲೂ ಮಾತು ಬೇಕಾದಷ್ಟಿದೆ, ಉತ್ತರ ಇಲ್ಲ.

‘ಮಾತಾಡದ ಹುಡುಗಿ’ಯಲ್ಲಿ ನನಗೆ ಒಂದು ದೊಡ್ಡ ಕೊರತೆ ಕಾಣುತ್ತದೆ. ಹೆಸರಿನಿಂದ ಹಿಡಿದು ಎಲ್ಲವೂ ಆ ಹುಡುಗಿಯ ಸುತ್ತ. ಕೊಲೆಯಾದವರ ಮನೆಯವರ ದನಿ ಈ ಮಾತಿನ ಪ್ರವಾಹದಲ್ಲಿ ತೆಳುವಾಗುತ್ತದೆ. ಆ ಜಾಗ ತುಂಬಿದ್ದು ಬೇರೆ ನಾಟಕಗಳು. ಅದೇ 2014ರಲ್ಲಿ ಕಲೋನ್‌ನಲ್ಲಿ ನೂರಾನ್ ಡೇವಿಡ್ ಚಾಲಿಶ್ ‘ದೀ ಲ್ಯೂಕೆ’ ಅಂದರೆ ‘ಅಂತರ’ ಎಂಬ ನಾಟಕ ಮಾಡಿದರು. ಅದರಲ್ಲಿ ಕೊಯ್ಪ್‌ಶ್ಟ್ರಾಸೆಯ ನಿವಾಸಿಗಳೇ ವೃತ್ತಿ ನಟರ ಜೊತೆ ವೇದಿಕೆಗೆ ಬಂದರು. ಬಾಂಬಿನ ದಿನ ಏನಾಯಿತು, ಆಮೇಲೆ ಪೊಲೀಸರು ತಮ್ಮನ್ನೇ ಅನುಮಾನಿಸಿದ ವರ್ಷಗಳು ಹೇಗಿದ್ದವು ಎಂದು ತಾವೇ ಹೇಳಿದರು. ಯೆಲಿನೆಕ್ ಅವರ ನಾಟಕವನ್ನು ಇದರ ಜೊತೆಗಿಟ್ಟೇ ಓದಬೇಕು ಎಂದು ನನಗನ್ನಿಸುತ್ತದೆ. ಒಂದು ಸುಳ್ಳಿನ ಭಾಷೆಯನ್ನು ಬಿಚ್ಚುತ್ತದೆ, ಇನ್ನೊಂದು ಆ ಸುಳ್ಳಿನ ಕೆಳಗೆ ಬದುಕಿದವರಿಗೆ ಮೈಕು ಕೊಡುತ್ತದೆ.

ಕೋರ್ಟಿನಲ್ಲಿ ಯಾವ ನಾಟಕಕಾರರೂ ಬರೆಯಲಾರದ ಕ್ಷಣ ಒಂದಿತ್ತು. 2013ರ ಅಕ್ಟೋಬರ್‌ನಲ್ಲಿ ಹಾಲಿತ್‌ನ ತಂದೆ ಇಸ್ಮಾಯಿಲ್ ಯೊಜ್ಗಾತ್ ಸಾಕ್ಷಿ ಹೇಳಲು ಬಂದರು. ಮಗ ಅವತ್ತು ಹೇಗೆ ಬಿದ್ದಿದ್ದ ಎಂದು ಹೇಳುತ್ತ ಹೇಳುತ್ತ ಅವರೇ ಕೋರ್ಟಿನ ನೆಲದ ಮೇಲೆ ಬಿದ್ದು ತೋರಿಸಿದರು. ಮಗ ಹುಟ್ಟಿದ ಬೀದಿಗೆ ಮಗನ ಹೆಸರಿಡಿ ಅನ್ನುವುದು ಅವರ ಬೇಡಿಕೆ. ನಗರ ಅಲ್ಲೇ ಹತ್ತಿರದ ಒಂದು ಸಣ್ಣ ಚೌಕಕ್ಕೆ ಹಾಲಿತ್ ಹೆಸರಿಟ್ಟಿತು. ಬೀದಿಯ ಹೆಸರು ಬದಲಾಗಲಿಲ್ಲ.

ಚೇಪೆ 2015ರ ಡಿಸೆಂಬರ್‌ನಲ್ಲಿ ವಕೀಲರ ಮೂಲಕ ಒಂದು ಹೇಳಿಕೆ ಓದಿಸಿದಳು. ಕೊಲೆಗಳು ಆದ ಮೇಲಷ್ಟೇ ನನಗೆ ತಿಳಿಯುತ್ತಿತ್ತು ಎನ್ನುವುದು ಅದರ ಸಾರ. ತನ್ನ ಬಾಯಿಂದ ಅವಳು ಮೊದಲು ಮಾತಾಡಿದ್ದು 2016ರ ಸೆಪ್ಟೆಂಬರ್‌ನಲ್ಲಿ, ಅದೂ ಕೆಲವೇ ವಾಕ್ಯ. 438 ದಿನಗಳ ವಿಚಾರಣೆಯ ನಂತರ 2018ರ ಜುಲೈ 11ರಂದು ತೀರ್ಪು ಬಂತು. ಅವಳಿಗೆ ಜೀವಾವಧಿ. ಗುಂಪಿಗೆ ನೆರವಾದ ಒಬ್ಬನಿಗೆ ಸಿಕ್ಕಿದ್ದು ಎರಡೂವರೆ ವರ್ಷ. ಅವನನ್ನು ಅವತ್ತೇ ಬಿಡಲು ಕೋರ್ಟು ಹೇಳಿತು. ಕೆಳಗೆ ಕೊಲೆಯಾದವರ ಮನೆಯವರು ಕೂತಿದ್ದರು. ಮೇಲಿನ ಗ್ಯಾಲರಿಯಲ್ಲಿದ್ದ ನವನಾಜಿಗಳು ಚಪ್ಪಾಳೆ ತಟ್ಟಿದರು.